ಮೂರನೇ ಮಾಳಿಗೆಯಲ್ಲಿ ರೋಮಿನ ದಾರಿ

ನಮ್ಮವರು ಮುಂಬಯಿಯ ಸಯನ್ನಿನ ಒಂದು ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ನಾವಿದ್ದದ್ದು ಬೈಕುಲ್ಲಾದಲ್ಲಿ, ಕಾಯಿಪಲ್ಲೆ ಮಾರ್ಕೆಟ್ಟಿಗೆ ಹತ್ತಿರದ ಚಾಳೊಂದರ ಮೂರನೇ ಮಾಳಿಗೆಯಲ್ಲಿ. ಒಂದು ಕೋಣೆ, ಅದರೊಳಗೇ ಒಲೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಮೆಟ್ಟಿಲುಗಳು ಕಟ್ಟಿಗೆಯವು, ಇಕ್ಕಟ್ಟು, ತುಳಿದು ತುಳಿದು ನಡುವೆ ಸವೆದವು. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದ ಹೊಸದರಲ್ಲಿ ನಾನು ಆ ಮೆಟ್ಟಿಲಿಗೆ ಅಂಜುತ್ತಿದ್ದೆ. ಅವರು ಬಗಲಲ್ಲಿ ಪುಸ್ತಕ ಇಟ್ಟುಕೊಂಡು ದಡದಡ ಇಳಿದು ಲೋಕಲ್ ಹಿಡಿಯಲು ಹೋಗುತ್ತಿದ್ದರು. ಆ ಸಪ್ಪಳ ಅವರು ಕೆಳಗೆ ಮುಟ್ಟುವವರೆಗೂ ನನಗೆ ಕೇಳುತ್ತಿತ್ತು.

ಕೆಲವು ವರ್ಷಗಳಲ್ಲಿ ಆ ಸಪ್ಪಳ ನಿಧಾನವಾಯಿತು. ಆಮೇಲೆ ನಡುನಡುವೆ ನಿಲ್ಲತೊಡಗಿತು. ಸಣ್ಣವರಿದ್ದಾಗ ಬಂದ ಜ್ವರ ಎದೆಯೊಳಗೆ ಏನೋ ಕೆಡಿಸಿಟ್ಟು ಹೋಗಿತ್ತಂತೆ. ಸರಿಯಾಗಿ ಮುಚ್ಚಿಕೊಳ್ಳದ ಬಾಗಿಲಿದ್ದ ಹಾಗೆ ಎಂದು ಡಾಕ್ಟರರು ನನಗೆ ತಿಳಿಯುವಂತೆ ಹೇಳಿದರು. ಅವರಿಗಿನ್ನೂ ನಲವತ್ತಾಗಿರಲಿಲ್ಲ. ಆ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ವಾರವೇ ಒಂದು ಸಂಜೆ ಅವರು ಪ್ರತಿ ಮಾಳಿಗೆಯಲ್ಲೂ ಕುಳಿತು ಕುಳಿತು ಮೇಲೆ ಬಂದರು. ತುಟಿ ನೀಲಿಯಾಗಿತ್ತು. ಇನ್ನು ಮೆಟ್ಟಿಲು ಹತ್ತುವುದು ಇಳಿಯುವುದು ಪೂರ್ತಿ ಬಂದ್ ಎಂದು ಡಾಕ್ಟರರು ಹೇಳಿದರು. ಕೆಳಗಿನ ಮಾಳಿಗೆಯಲ್ಲಿ ಕೋಣೆ ಹುಡುಕಿದೆವು, ಸಿಗಲಿಲ್ಲ. ಅಲ್ಲಿಂದ ಮುಂದೆ ಅವರಿಗೆ ಉಳಿದದ್ದು ಆ ಕೋಣೆ, ಗ್ಯಾಲರಿ, ಗ್ಯಾಲರಿಯಿಂದ ಕಾಣುವಷ್ಟು ರಸ್ತೆ.

ಹೆಡ್ಮಾಸ್ತರರು ಮನೆಗೆ ಬಂದು, ವರ್ಷ ಮುಗಿಯುವವರೆಗೆ ಬೇರೊಬ್ಬರು ನೋಡಿಕೊಳ್ಳುತ್ತಾರೆ, ನೀವು ಆರಾಮ ಮಾಡಿರಿ ಎಂದರು. ಇವರು ಅವರನ್ನು ಒಂದೇ ಒಂದು ಮಾತು ಕೇಳಿಕೊಂಡರು. ಪ್ರಾಚೀನ ರೋಮಿನ ಜನ ಹೇಗೆ ಪ್ರಯಾಣ ಮಾಡುತ್ತಿದ್ದರು ಎನ್ನುವ ಪಾಠ ಮಾತ್ರ ತಮಗಾಗಿ ಉಳಿಸಬೇಕು, ಪರೀಕ್ಷೆಗೆ ಮುಂಚೆ ಒಂದು ದಿನ ಬಂದು ಆ ಒಂದು ಪಿರಿಯಡ್ ತಗೊಳ್ಳುತ್ತೇನೆ ಎಂದರು. ಹೆಡ್ಮಾಸ್ತರರು ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಆಗಲಿ ಎಂದು ಹೇಳಿ ಅವರು ಎದ್ದು ಹೋದರು.

ಯಾಕೆ ಅಷ್ಟು ಹಟ ಎಂದು ನಾನು ಆಮೇಲೆ ಕೇಳಿದೆ.

"ನಮ್ಮ ಮಾಸ್ತರ ಹಾಸಿಗಿ ಹಿಡದ್ರು ಅಂತ ಹುಡುಗರಿಗೆ ನೆನಪು ಉಳೀಬಾರದು," ಎಂದರು. "ಪಾಠ ಮಾಡಿ ಹೋದ್ರು ಅಂತ ಉಳೀಲಿ."

ಅದರ ಅರ್ಥ ನನಗೆ ಆಯಿತು.

ಶಾಲೆಯ ಪುಸ್ತಕದಲ್ಲಿ ಆ ಪಾಠ ಬಹಳ ಸಣ್ಣದು. ರೋಮಿನವರು ಒಳ್ಳೆಯ ರಸ್ತೆ ಕಟ್ಟಿದರು, ಅದರಿಂದ ಸೈನ್ಯಕ್ಕೆ ಅನುಕೂಲವಾಯಿತು, ಇಷ್ಟೇ. ಅದರ ಮೇಲೆ ಅವರಿಗೆ ಸಿಟ್ಟು. ರಸ್ತೆ ಕಟ್ಟಿದ್ದು ಹೇಳುತ್ತಾರೆ, ಆ ರಸ್ತೆಯ ಮೇಲೆ ಯಾರು ಹೋದರು, ಏನು ಉಟ್ಟು ಹೋದರು, ಎಲ್ಲಿ ಉಂಡರು ಎನ್ನುವುದನ್ನು ಯಾರೂ ಹೇಳುವುದಿಲ್ಲ ಎನ್ನುತ್ತಿದ್ದರು. ಗೆಳೆಯರೊಬ್ಬರು ಲೈಬ್ರರಿಯಿಂದ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ತಂದುಕೊಡುತ್ತಿದ್ದರು. ಗ್ಯಾಲರಿಯಲ್ಲಿ ಗೋಡೆಗೆ ಒರಗಿ, ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಅವರು ಓದುವರು. ನಾನು ಹೊಸ್ತಿಲ ಹತ್ತಿರ ಕುಳಿತು ಜೋಳ ಹಸನು ಮಾಡುವೆ. ಓದಿದ್ದನ್ನು ನನಗೆ ಕನ್ನಡದಲ್ಲಿ ಹೇಳುವರು. ನಾನು ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ನನಗೆ ತಿಳಿದರೆ ಹುಡುಗರಿಗೂ ತಿಳಿಯುತ್ತದೆ ಎಂದು ಅವರ ಲೆಕ್ಕ.

ಹೀಗೆ ನನ್ನ ಮಟ್ಟಿಗೆ ರೋಮ್ ಪಟ್ಟಣ ಬೈಕುಲ್ಲಾದ ರಸ್ತೆಯ ಮೇಲೆಯೇ ಇತ್ತು. ಕೆಳಗೆ ಕೈಗಾಡಿ, ಎತ್ತಿನ ಗಾಡಿ, ವಿಕ್ಟೋರಿಯಾ ಕುದುರೆಗಾಡಿ, ಟ್ರಾಮ್ ಒಂದಕ್ಕೊಂದು ಸಿಕ್ಕಿಕೊಂಡು ನಿಂತಾಗ ಅವರು ಕೈ ತೋರಿಸಿ, ರೋಮಿನಲ್ಲಿ ಹಗಲು ಹೊತ್ತು ಸಾಮಾನಿನ ಗಾಡಿಗಳನ್ನು ಊರೊಳಗೆ ಬಿಡುತ್ತಿರಲಿಲ್ಲ ಎನ್ನುವರು. ಎಲ್ಲ ಗಾಡಿಗಳೂ ಕತ್ತಲಾದ ಮೇಲೆಯೇ ಬರಬೇಕು, ಕಬ್ಬಿಣದ ಪಟ್ಟಿಯ ಗಾಲಿಗಳು ಕಲ್ಲಿನ ಮೇಲೆ ಉರುಳುವ ಸಪ್ಪಳಕ್ಕೆ ಬಡವರ ಮಾಳಿಗೆಗಳಲ್ಲಿ ಯಾರಿಗೂ ನಿದ್ದೆಯಿಲ್ಲ. ಅಲ್ಲಿಯೂ ಬಡವರು ಮೇಲಿನ ಮಾಳಿಗೆಗಳಲ್ಲೇ ಇರುತ್ತಿದ್ದರಂತೆ. ಗಾಡಿಗಳಿಗೆ ಸ್ಪ್ರಿಂಗ್ ಇರಲಿಲ್ಲ. ಊರ ಬಾಗಿಲಲ್ಲಿ ಬಾಡಿಗೆ ಗಾಡಿಗಳು, ಹೇಸರಗತ್ತೆಗಳು ನಿಂತಿರುತ್ತಿದ್ದವು. ದಾರಿಯ ಛತ್ರಗಳ ಹಾಸಿಗೆಯಲ್ಲಿ ತಗಣಿ ಕಾಟ, ಆದ್ದರಿಂದ ಅನುಕೂಲಸ್ಥರು ಗುರುತಿನವರ ಮನೆಯಲ್ಲೇ ಇಳಿಯುತ್ತಿದ್ದರು. ನಮ್ಮೂರಿನವರು ಬಂದರೆ ನಮ್ಮ ಕೋಣೆಯಲ್ಲೇ ಇಳಿಯುತ್ತಾರಲ್ಲ, ಹಾಗೆ ಎಂದರು. ಊರ ಹೊರಗೆ ದಾರಿಯ ಎರಡೂ ಬದಿಗೆ ಸಮಾಧಿಗಳು, ಯಾಕೆಂದರೆ ಸತ್ತವರನ್ನು ಊರೊಳಗೆ ಮಣ್ಣು ಮಾಡುವಂತಿರಲಿಲ್ಲ. ಪ್ರಯಾಣ ಹೊರಟವರು ಆ ಕಲ್ಲುಗಳ ಮೇಲಿನ ಬರಹ ಓದುತ್ತ ಹೋಗುವರು. ಇದನ್ನು ಅವರು ನನಗೆ ಒಮ್ಮೆ ಹೇಳಿದರು, ಮತ್ತೆ ಆ ಪುಟ ತೆರೆಯಲಿಲ್ಲ.

ಅವರಿಗೆ ಎಲ್ಲಕ್ಕಿಂತ ಪ್ರೀತಿಯದು ಹಡಗಿನ ಭಾಗ. ಆ ಕಾಲದ ಹಡಗುಗಳು ನಮ್ಮ ಸಮುದ್ರಕ್ಕೂ ಬರುತ್ತಿದ್ದವು, ಮಳೆಗಾಲದ ಗಾಳಿ ಹಿಡಿದು ಬಂದು ಇಲ್ಲೇ ಹತ್ತಿರದ ಸೋಪಾರಾ, ಕಲ್ಯಾಣಗಳ ಬಂದರು ಮುಟ್ಟುತ್ತಿದ್ದವು ಎನ್ನುವಾಗ ಅವರ ದನಿ ಏರುತ್ತಿತ್ತು. ಲೋಕಲ್ಲಿನಲ್ಲಿ ಕುಳಿತರೆ ಹೋಗಬಹುದಾದ ಕಲ್ಯಾಣ. ಹುಡುಗರು ಇದನ್ನು ಕೇಳಿ ಬಾಯಿ ಬಿಟ್ಟುಕೊಂಡು ಕೂರುತ್ತಾರೆ, ಆದ್ದರಿಂದ ಇದನ್ನು ಕೊನೆಗೆ ಇಡುತ್ತೇನೆ ಎನ್ನುತ್ತಿದ್ದರು.

ನಮ್ಮ ಅತ್ತೆಯವರು ಮಗನ ಬೇನೆ ಕೇಳಿ ಊರಿನಿಂದ ಬಂದು ನಮ್ಮ ಜೊತೆಗೇ ಇದ್ದರು. ಗಂಡನನ್ನು, ಇನ್ನೊಬ್ಬ ಮಗನನ್ನು ಮಣ್ಣಿಗೆ ಕೊಟ್ಟು ಬಂದವರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಮಗನನ್ನು ಚುಚ್ಚಿ ಮಾತಾಡುವುದೇ ಅವರ ಪ್ರೀತಿ.

"ಗ್ಯಾಲರಿ ತುದಿಗಿರೋ ಪಾಯಖಾನಿಗೆ ಹೋಗಾಕ ಹೆಂಡತಿ ಕೈ ಹಿಡೀಬೇಕು," ಎಂದರು ಒಮ್ಮೆ. "ಸಾಹೇಬರು ರೋಮಿಗೆ ಹೊಂಟಾರ."

"ನಿನ್ನೂ ಕರಕೊಂಡು ಹೋಗ್ತೀನಿ ಬಾರವ್ವಾ."

"ನಾ ಒಲ್ಲೆ. ಅಲ್ಲಿ ರೊಟ್ಟಿ ಸಿಗೂದಿಲ್ಲ."

ಪರೀಕ್ಷೆ ಹತ್ತಿರ ಬಂತು. ಇಳಿಯುವುದು ಹೇಗೆ? ಪಕ್ಕದ ಕೋಣೆಯವರು ಮಾರ್ಕೆಟ್ಟಿನ ಹಮಾಲರ ಮೇಲಿನ ಮುಕಾದಮರು, ಸಾತಾರದ ಕಡೆಯವರು. ಇವರೆಂದರೆ ಅವರಿಗೆ ಬಹಳ ಗೌರವ, ಅವರ ಮಗಳಿಗೆ ಇವರು ಲೆಕ್ಕ ಹೇಳಿಕೊಟ್ಟಿದ್ದರು. ಬಟಾಟೆ ಚೀಲ ಹೊರುತ್ತೇವೆ, ಮಾಸ್ತರರನ್ನು ಹೊರುವುದು ಏನು ದೊಡ್ಡದು ಎಂದು ಅವರು ಒಂದು ಭಾನುವಾರ ಇವರನ್ನು ಬೆನ್ನ ಮೇಲೆ ಹಾಕಿಕೊಂಡರು. ನಾಲ್ಕು ಮೆಟ್ಟಿಲು ಇಳಿಯುವುದರಲ್ಲಿ ಇವರ ಎದೆ ಒತ್ತಿ ಉಸಿರು ನಿಂತಂತಾಯಿತು. ಮತ್ತೆ ಮೇಲೆ ತಂದು ಕೂರಿಸಿದರು. ಇಬ್ಬರು ಕೈ ಹೆಣೆದು ಮೇಲೆ ಕೂರಿಸಿಕೊಳ್ಳಲು ನೋಡಿದರು. ಅದಕ್ಕೆ ಇವರು ಎರಡೂ ತೋಳು ಎತ್ತಿ ಅವರ ಕುತ್ತಿಗೆ ಹಿಡಿಯಬೇಕಾಗುತ್ತಿತ್ತು. ಅಷ್ಟು ಬಲ ಇರಲಿಲ್ಲ.

ಆಗ ಇವರು ಕಾಗದದ ಮೇಲೆ ಒಂದು ಚಿತ್ರ ಬರೆದರು. ರೋಮಿನ ಶ್ರೀಮಂತರು ಊರೊಳಗೆ ಹೋಗುವಾಗ ಒಂದು ಕುರ್ಚಿಗೆ ಎರಡೂ ಬದಿಗೆ ಮರದ ಗಳ ಕಟ್ಟಿಸಿ, ಅದರಲ್ಲಿ ನೆಟ್ಟಗೆ ಕುಳಿತು, ಆಳುಗಳ ಕೈಯಲ್ಲಿ ಹೊರಿಸಿಕೊಂಡು ಹೋಗುತ್ತಿದ್ದರು. ನೆಟ್ಟಗೆ ಕುಳಿತರೆ ಉಸಿರಿಗೆ ತ್ರಾಸಿಲ್ಲ. ಮುಕಾದಮರು ಚಿತ್ರ ನೋಡಿ, ಇಷ್ಟೇ ತಾನೆ ಎಂದರು. ಎರಡು ಸಾವಿರ ವರ್ಷದ ಹಿಂದಿನ ಯುಕ್ತಿ ಬೈಕುಲ್ಲಾದಲ್ಲಿ ಕೆಲಸಕ್ಕೆ ಬಂತು ನೋಡು ಎಂದು ಇವರು ಆ ದಿನ ಎರಡು ರೊಟ್ಟಿ ಉಂಡರು. ನನಗೂ ಆ ಚಿತ್ರ ರೋಮಿನದಾಗಿಯೇ ಕಂಡಿತ್ತು.

ಶಾಲೆಗೆ ಹೋಗುವ ದಿನ ಬೆಳಿಗ್ಗೆ ಅವರಿಗೆ ಇಸ್ತ್ರಿ ಮಾಡಿದ ಧೋತರ, ಕೋಟು, ಕರಿ ಟೋಪಿ ಹಾಕಿ ಗ್ಯಾಲರಿಗೆ ಕರೆತಂದೆ. ಕೋಟು ಅಗಲವಾಗಿ ಜೋಲುತ್ತಿತ್ತು. ಮುಕಾದಮರು ಮತ್ತು ಮೂವರು ಹಮಾಲರು ಕುರ್ಚಿ ತಂದಿಟ್ಟರು. ಕೈಯುಳ್ಳ ಹಳೆಯ ಮರದ ಕುರ್ಚಿ, ಎರಡೂ ಬದಿಗೆ ಹಸಿ ಬಿದಿರು, ಸುತ್ತಿದ ತೆಂಗಿನ ನಾರಿನ ಕಾಥಿ ಹಗ್ಗ. ಮಾಸ್ತರರು ಬಹಳ ದಿನದ ಮೇಲೆ ಶಾಲೆಗೆ ಹೊರಟಿದ್ದಾರೆಂದು ಹಮಾಲರು ತಾವಾಗಿಯೇ ಮಾರ್ಕೆಟ್ಟಿನಿಂದ ಚೆಂಡುಹೂವಿನ ಮಾಲೆ ತಂದು ಕುರ್ಚಿಯ ಬೆನ್ನಿಗೆ ಇಳಿಬಿಟ್ಟಿದ್ದರು. ಒಂದು ಹೊಸ ಶಾಲನ್ನೂ ಹಾಸಿದ್ದರು.

ಅತ್ತೆಯವರು ನೀರು ತುಂಬಿಕೊಂಡು ಬಂದು ಅದನ್ನು ನೋಡಿದರು. ಕೊಡ ಇಳಿಸಿದರು. ಹೋಗಿ ಮೆಟ್ಟಿಲ ಬಾಯಿಗೆ ಅಡ್ಡ ಕುಳಿತರು.

ಆಗ ನನಗೂ ಕಂಡಿತು. ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈತೊಳೆದು, ಬಟ್ಟೆ ಉಡಿಸಿ, ಬಿದಿರು ಕಟ್ಟಿದ ಆಸನದಲ್ಲಿ ನೆಟ್ಟಗೆ ಕೂರಿಸಿ, ಹೂ ಹಾಕಿ, ನಾಲ್ಕು ಜನ ಹೊತ್ತು ಒಯ್ಯುತ್ತೇವೆ. ಅದಕ್ಕೆ ವಿಮಾನ ಎನ್ನುತ್ತೇವೆ. ಪಾಪ, ಸಾತಾರದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ನಾವು ರೋಮಿನ ಕಡೆಗೆ ನೋಡುತ್ತ ಕುಳಿತಿದ್ದೆವು. ಚಿತ್ರ ಬರೆದವರು ಅತ್ತೆಯವರ ಮಗನೇ.

"ಇದನ್ನ ಯಾರು ಕಟ್ಟಾಕ ಹೇಳಿದ್ದು?" ಎಂದರು ಅತ್ತೆಯವರು.

"ನಾನವ್ವಾ."

"ನಿಮ್ಮಪ್ಪನ್ನ ಹಿಂಗ ಒಯ್ದರು. ಅಣ್ಣನ್ನ ಹಿಂಗ ಒಯ್ದರು. ನಿನ್ನ ಕಣ್ಣಿಗೆ ಅದು ಬೀಳಲಿಲ್ಲೇನು?"

ನಮ್ಮವರು ಕುರ್ಚಿಯನ್ನು ನೋಡಿದರು. ಅವರ ಮುಖ ಕೆಟ್ಟಿತು. ಆಮೇಲೆ, "ಬೀಳಲಿಲ್ಲ," ಎಂದರು.

ಹಮಾಲರು ಮಾತು ತಿಳಿಯದೆ ನಿಂತಿದ್ದರು. ಮುಕಾದಮರಿಗೆ ನಾನು ಹಿಂದಿಯಲ್ಲಿ ಬಂದಷ್ಟು ಹೇಳಿದೆ. ಅವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಆಮೇಲೆ ಮಾಲೆ ಬಿಚ್ಚಲು ಬಗ್ಗಿದರು. ಅತ್ತೆಯವರು ಕೈ ಸನ್ನೆ ಮಾಡಿ ಅವರನ್ನು ತಡೆದು, ಎದ್ದು ತಾವೇ ಬಿಚ್ಚಿದರು. ಶಾಲನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ಬಿದಿರು ಬಿಚ್ಚಿದರೆ ಇಳಿಯುವಂತಿರಲಿಲ್ಲ. ಅತ್ತೆಯವರು ಬಿದಿರನ್ನು ಮುಟ್ಟಿ ನೋಡಿ ಕೈ ತೆಗೆದರು. ಕೆಳಗೆ ವಿಕ್ಟೋರಿಯಾದವನು ಗಂಟೆ ಬಾರಿಸುತ್ತಿದ್ದ.

ನಮ್ಮವರು ವಾದ ಮಾಡಲಿಲ್ಲ. "ನೀ ಬ್ಯಾಡ ಅಂದ್ರ ಹೋಗೂದಿಲ್ಲವ್ವಾ," ಎಂದರು.

ಅತ್ತೆಯವರು ಅವರ ಕೋಟಿನ ಗುಂಡಿ ಹಾಕಿದರು. ಎಲ್ಲ ಗುಂಡಿ ಹಾಕಿ ಮುಗಿದ ಮೇಲೆ ಹೇಳಿದರು:

"ಮಾತಾಡಕೋಂತ ಹೋಗು. ಕೆಳಗ ಮುಟ್ಟೂತನಕ ಬಾಯಿ ಮುಚ್ಚಬ್ಯಾಡ. ಜೀವ ಇದ್ದಾವ ಹೊಂಟಾನ ಅಂತ ಚಾಳಿನವರಿಗೆಲ್ಲಾ ಕೇಳಲಿ. ನನಗೂ ಕೇಳಲಿ."

"ಏನು ಮಾತಾಡಲಿ?"

"ಇಷ್ಟು ದಿನ ಏನು ಓದಿದಿ? ಅದನ್ನ ಹೇಳು."

ನಮ್ಮವರಿಗೆ ಉಳಿದದ್ದು ಎಣಿಸಿಟ್ಟಂಥ ಉಸಿರು. ಅದನ್ನು ಆ ಪಿರಿಯಡ್ಡಿಗೆಂದು ನಾವು ಜೋಪಾನ ಮಾಡಿದ್ದೆವು. ಹಿಂದಿನ ದಿನವೆಲ್ಲ ಅವರು ನನ್ನೊಡನೆಯೂ ಸನ್ನೆಯಲ್ಲೇ ಮಾತಾಡಿದ್ದರು. ಇದನ್ನು ಅತ್ತೆಯವರಿಗೆ ಹೇಳಬೇಕೆಂದು ನಾನು ಬಾಯಿ ತೆರೆದೆ. ನಮ್ಮವರು ನನ್ನ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಕುರ್ಚಿಯಲ್ಲಿ ಕುಳಿತರು. "ಘಾಬರೂ ನಕಾ, ಮಾಸ್ತರ್," ಎಂದು ಮರಾಠಿಯಲ್ಲಿ ಧೈರ್ಯ ಹೇಳಿ ಮುಕಾದಮರು ಹಿಂದಿನಿಂದ ಬಿದಿರಿಗೆ ಹೆಗಲು ಕೊಟ್ಟರು.

ನಮ್ಮವರು ಪಾಠ ಶುರು ಮಾಡಿದರು. ರಸ್ತೆ ಹೇಗೆ ಕಟ್ಟುತ್ತಿದ್ದರು, ಮೊದಲು ಆಳವಾಗಿ ಅಗೆದು ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಮರಳು, ಮೇಲೆ ಹಾಸುಗಲ್ಲು. ಮೊದಲ ತಿರುವಿನಲ್ಲಿ ಬಿದಿರು ಗೋಡೆಗೆ ತಾಗಿ ಕುರ್ಚಿ ವಾಲಿತು. ಅವರು ಮಾತು ನಿಲ್ಲಿಸಲಿಲ್ಲ. ಮೈಲಿಗೊಂದು ಕಲ್ಲು ನೆಡುತ್ತಿದ್ದರು. ನೀರು ನಿಲ್ಲಬಾರದೆಂದು ರಸ್ತೆಯ ನಡು ಉಬ್ಬು. ಎರಡನೇ ಮಾಳಿಗೆಯ ಹೆಂಗಸರು ಬಾಗಿಲಿಗೆ ಬಂದು ನಿಂತು, ಕನ್ನಡ ತಿಳಿಯದಿದ್ದರೂ, ಕೈ ಮುಗಿದರು. ಮೇಲಿನಿಂದ ಅತ್ತೆಯವರು, "ಕೇಳೂದಿಲ್ಲ, ಜೋರ ಹೇಳು," ಎಂದರು. ಅವರು ಜೋರಾಗಿ ಹೇಳಿದರು. ಹಣೆಯ ಮೇಲೆ ಬೆವರು ಬಂದಿತ್ತು. ನಾನು ಹಿಂದೆ ನೀರಿನ ತಂಬಿಗೆ ಹಿಡಿದು ಇಳಿಯುತ್ತಿದ್ದೆ. ಸಾಕು ಎಂದು ಹೇಳಲು ಬಾಯಿ ಬರಲಿಲ್ಲ. ಕೆಳಗೆ ರಸ್ತೆ ಮುಟ್ಟಿದಾಗ ಅವರು ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತಿತು.

ವಿಕ್ಟೋರಿಯಾದಲ್ಲಿ ಅವರು ಕಣ್ಣು ಮುಚ್ಚಿಕೊಂಡು ಕುಳಿತರು. ಟ್ಯಾಕ್ಸಿಯ ಪೆಟ್ರೋಲ್ ವಾಸನೆಗೆ ಉಸಿರು ಕಟ್ಟುತ್ತದೆಂದು ಕುದುರೆಗಾಡಿ ಹೇಳಿದ್ದೆವು. ಕುರ್ಚಿಯನ್ನು ಬಿದಿರು ಸಮೇತ ಹಿಂದೆ ಕಟ್ಟಿಕೊಂಡು, ಮುಕಾದಮರು ಗಾಡಿಯವನ ಪಕ್ಕದಲ್ಲಿ ಕುಳಿತರು. ಉಳಿದ ಮೂವರು ಲೋಕಲ್ಲಿನಲ್ಲಿ ಮುಂದೆ ಹೋದರು. ದಾದರದಲ್ಲಿ ಕುದುರೆಗೆ ನೀರು ಕುಡಿಸಲು ನಿಂತಾಗ ಅವರು ಕಣ್ಣು ತೆರೆದು ಸುತ್ತ ನೋಡಿದರು. ಅಷ್ಟು ತಿಂಗಳ ಮೇಲೆ ಅವರು ನೋಡಿದ ಊರು. ಏನಾದರೂ ಹೇಳುತ್ತಾರೆಂದು ಹತ್ತಿರ ಬಗ್ಗಿದೆ. ಅವರು ಮತ್ತೆ ಕಣ್ಣು ಮುಚ್ಚಿಕೊಂಡರು.

ತರಗತಿ ಕೆಳಗಿನ ಮಾಳಿಗೆಯಲ್ಲೇ ಇತ್ತು. ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಎಂದರು. ಬಿದಿರಿನ ಕುರ್ಚಿ ನೋಡಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರೂ ನಕ್ಕರು. ಇದೇ ಇವತ್ತಿನ ಪಾಠ ಎಂದು ಕುರ್ಚಿಯ ಕೈ ತಟ್ಟಿ ತೋರಿಸಿದರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತೆ. ಅವರ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಹೆಡ್ಮಾಸ್ತರರು ಮಕ್ಕಳನ್ನು ಬೆಂಚು ಬಿಟ್ಟು ಮುಂದೆ ಬಂದು ನೆಲದ ಮೇಲೆ ಕೂರಲು ಹೇಳಿದರು. ಎಲ್ಲರೂ ಅವರ ಕಾಲ ಹತ್ತಿರ ಒತ್ತೊತ್ತಾಗಿ ಕುಳಿತರು.

ಅವರು ಎರಡು ಮಾತು ಹೇಳುವರು, ನಿಲ್ಲುವರು. ಕುರ್ಚಿಯಲ್ಲಿ ಹೋಗುವವರ ಬಗ್ಗೆ ಹೇಳಿದರು, ಹೊರುವವರ ಬಗ್ಗೆಯೂ ಹೇಳಿದರು. ಗಾಡಿಗಳ ಸಪ್ಪಳ ಹೇಳಿದರು. ಬಡವರು ಹೇಗೆ ಹೋಗುತ್ತಿದ್ದರು ಸರ್ ಎಂದು ಒಬ್ಬಳು ಕೇಳಿದಳು. ನಡೆದುಕೊಂಡು, ನಿನ್ನ ಹಾಗೆ, ಎಂದಾಗ ಎಲ್ಲರೂ ನಕ್ಕರು. ಆ ಹುಡುಗಿ ದಿನವೂ ಧಾರಾವಿಯಿಂದ ನಡೆದು ಬರುವವಳಂತೆ. ಛತ್ರಗಳ ತಗಣಿಯ ಕಥೆಗೆ ಇನ್ನೂ ನಕ್ಕರು. ಸಮಾಧಿಗಳ ಮಾತು ಅವರು ಎತ್ತಲಿಲ್ಲ. ಹಡಗಿಗೆ ಬರುವ ಮುಂಚೆ ದಮ್ಮು ತಗೊಳ್ಳಲು ನಿಲ್ಲಿಸಿದರು. ಅವರು ಬಾಯಿ ತೆರೆದರು, ದನಿ ಹೊರಡಲಿಲ್ಲ. ಮತ್ತೊಮ್ಮೆ ತೆರೆದರು. ಆಮೇಲೆ ಕೈ ಎತ್ತಿ, ಇಷ್ಟು ಸಾಕು ಎನ್ನುವಂತೆ ಸನ್ನೆ ಮಾಡಿದರು. ಗಂಟೆ ಇನ್ನೂ ಆಗಿರಲಿಲ್ಲ. ಅದು ಆಗುವವರೆಗೆ ಅವರೂ ಮಕ್ಕಳೂ ಹಾಗೆಯೇ ಕುಳಿತಿದ್ದರು, ಯಾರೂ ಏಳಲಿಲ್ಲ.

ಆ ಮಧ್ಯಾಹ್ನ ಅವರನ್ನು ಮೇಲೆ ತರುವಾಗ ಮಾತಾಡು ಎಂದು ಯಾರೂ ಹೇಳಲಿಲ್ಲ. ಅತ್ತೆಯವರು ಮೆಟ್ಟಿಲ ಬಾಯಲ್ಲೇ ನಿಂತಿದ್ದರು. ಬೆಳಗಿನಿಂದ ಅಲ್ಲೇ ಇದ್ದರೆಂದು ಪಕ್ಕದವರು ಹೇಳಿದರು. ಹಾಸಿಗೆಯ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ನೀರು ಕುಡಿಸಿದ ಮೇಲೆ ಅತ್ತೆಯವರು ಕೇಳಿದರು:

"ಎಲ್ಲಾ ಹೇಳಿದೇನು?"

ನಮ್ಮವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಹಡಗಿನ ಭಾಗ ಉಳಿಯಿತು ಎಂದು ನಾನು ಹೇಳಿದೆ. ಯಾಕೆ ಉಳಿಯಿತು ಎಂದು ಅತ್ತೆಯವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಅವರಿಗೆ ತಿಳಿಯಿತೆಂದು ನನಗೆ ಅನಿಸಿತು, ಯಾಕೆಂದರೆ ಅವರು ಬಹಳ ಹೊತ್ತು ಮಗನ ಕಾಲು ಒತ್ತುತ್ತ ಕುಳಿತರು. ಸಂಜೆ ಮುಕಾದಮರು ಬಿದಿರು ಬಿಚ್ಚಿ ಒಯ್ಯಲು ಬಂದಾಗ ಅತ್ತೆಯವರೇ ಎದ್ದು ಹೋಗಿ, ಬಿಚ್ಚಬೇಡ ಎಂದು ಕೈ ಅಡ್ಡ ಹಿಡಿದರು.

"ಪಾಠ ಇನ್ನೂ ಐತಿ," ಎಂದರು. "ಮತ್ತ ಹೋಗಬೇಕಾಕ್ಕೈತಿ."

ಮುಕಾದಮರು ಕನ್ನಡ ಬಲ್ಲವರಲ್ಲ. ಆದರೂ ಕುರ್ಚಿಯನ್ನು ಗ್ಯಾಲರಿಯ ಮೂಲೆಯಲ್ಲಿ ಗೋಡೆಗೆ ಆನಿಸಿಟ್ಟು ಹೋದರು. ದಾಟುವವರ ಕಾಲಿಗೆ ಬಿದಿರು ತಾಗುತ್ತಿತ್ತು, ಚಾಳಿನವರು ಯಾರೂ ತಕರಾರು ಮಾಡಲಿಲ್ಲ. ಅತ್ತೆಯವರು ಅದರ ಮೇಲಿನ ಧೂಳು ಒರೆಸುತ್ತಿದ್ದರು. ಶಾಲೆಗೆ ಮತ್ತೆ ಯಾವಾಗ ಎಂದು ಮಗನನ್ನು ಕೇಳುತ್ತಿದ್ದರು. ಅವರು, ದನಿ ಬರಲಿ ಎಂದು ಪಿಸುಗುಟ್ಟುತ್ತಿದ್ದರು. ದನಿ ಬರಲಿಲ್ಲ.

ಪರೀಕ್ಷೆ ಮುಗಿದು ಶಾಲೆಗೆ ಬೇಸಗೆಯ ರಜೆ ಬಿಟ್ಟ ಮೇಲೆ, ಒಂದು ಬೆಳಿಗ್ಗೆ ನಾನು ಚಹಾ ತಂದಾಗ ಅವರು ದಿಂಬಿಗೆ ಒರಗಿದ ಹಾಗೆಯೇ ಹೋಗಿದ್ದರು.

ನಮ್ಮ ಸಮಾಜದ ಹಿರಿಯರು ಕೆಲವರು ಸಯನ್ನಿನಿಂದ, ಗೋರೆಗಾಂವ್‌ನಿಂದ ಬಂದರು. ನಮ್ಮವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಿಸಿಲು ಏರುತ್ತಿತ್ತು. ಮುಂಬಯಿಯಲ್ಲಿ ವಿಮಾನ ಕಟ್ಟುವವರನ್ನು ಹುಡುಕಿ ಕರೆತರುವುದು ಹೊತ್ತಿನ ಕೆಲಸ. ಗ್ಯಾಲರಿಯಲ್ಲಿದ್ದ ಕುರ್ಚಿಯನ್ನು ಹಿರಿಯರೊಬ್ಬರು ನೋಡಿದರು. ಬಿದಿರು ಕಟ್ಟಿಯೇ ಇದೆ, ಹಗ್ಗ ಗಟ್ಟಿಯಿದೆ, ಇದಕ್ಕೇ ಹೂವು ಕಟ್ಟೋಣ ಎಂದರು. ಇಬ್ಬರು ಅದನ್ನು ಎತ್ತಿ ಬಾಗಿಲಿಗೆ ತಂದರು.

ಅತ್ತೆಯವರು ಮಗನ ಪಕ್ಕದಿಂದ ಎದ್ದು ಬಂದು ಕುರ್ಚಿಯ ಕೈ ಹಿಡಿದರು.

"ಇದು ಬ್ಯಾಡ್ರಿ," ಎಂದರು. "ಇದು ಸಾಲಿಗೆ ಹೋಗೂದು."

ಹಿರಿಯರು ನನ್ನ ಕಡೆ ನೋಡಿದರು. ಬೇರೆ ಕಟ್ಟಿಸಿರಿ ಎಂದು ನಾನು ಹೇಳಿದೆ. ಮುಕಾದಮರು ಹೊಸ ಬಿದಿರು ತರಲು ಕೆಳಗೆ ಓಡಿದರು. ಅದು ಬಂದು, ಕಟ್ಟಿ, ಹೂವು ಹಾಕುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಲ್ಲಿಯವರೆಗೆ ನಾವಿಬ್ಬರೂ ಅವರ ಎರಡು ಬದಿಗೆ ಕುಳಿತಿದ್ದೆವು. ಕೆಳಗೆ ಟ್ರಾಮುಗಳು ಹೋಗುತ್ತಿದ್ದವು. ನಡುವೆ ಒಮ್ಮೆ ಅತ್ತೆಯವರು, ಮಗನ ಮೊಣಕಾಲಿನ ಮೇಲಿನ ಧೋತರದ ನೆರಿಗೆ ಸರಿ ಮಾಡುತ್ತ, ಹಡಗಿನ ಮಾತು ಏನದು ಎಂದು ನನ್ನನ್ನು ಕೇಳಿದರು. ನನಗೆ ನೆನಪಿದ್ದಷ್ಟು ಹೇಳಿದೆ.